ಹಾಲಿ ಸದಸ್ಯರು ನಮ್ಮ ಬೀದಿಯನ್ನು ಮರೆತರೇ?

ಓದುಗರ ಪ್ರಶ್ನೆ: ನಗರಪಾಲಿಕೆ ಚುನಾವಣೆ ಹತ್ತಿರ ಬಂದರೆ ಸಾಕು, ಹಾಲಿ ಸದಸ್ಯರು ಬಡಾವಣೆಯ ಕಡೆ ತಿರುಗಿಯೂ ನೋಡಿಲ್ಲ ಎಂಬ ಮಾತು ಶುರುವಾಗುತ್ತದೆ. ಅದು ನಿಜವೋ, ಎದುರಾಳಿಗಳು ಹಬ್ಬಿಸಿದ್ದೋ ತಿಳಿಯುವುದು ಹೇಗೆ?

ಉತ್ತರ: ಒಂದು ಬೀದಿದೀಪದಿಂದ ಶುರುಮಾಡೋಣ. ತಿರುವಿನಲ್ಲಿ ದೀಪ ಕೆಟ್ಟು ತಿಂಗಳಾಗಿದೆ. ಸಂಜೆ ಪಾಠ ಮುಗಿಸಿ ಬರುವ ಮಕ್ಕಳು ಮೊಬೈಲ್ ಟಾರ್ಚ್ ಹಿಡಿದು ಅಲ್ಲಿ ದಾಟುತ್ತಾರೆ. ನಿವಾಸಿಗಳು ದೂರು ಕೊಟ್ಟಿದ್ದಾರೆ, ದೂರಿನ ಸಂಖ್ಯೆಯೂ ಸಿಕ್ಕಿದೆ, ದೀಪ ಮಾತ್ರ ಹತ್ತಿಲ್ಲ. ಇದು ಸದಸ್ಯರ ತಪ್ಪೇ? ಇಷ್ಟರಿಂದಲೇ ಹೌದು ಎನ್ನಲಾಗದು. ಬಲ್ಬು ಬದಲಿಸಬೇಕಾದದ್ದು ಸಿಬ್ಬಂದಿ. ಎಷ್ಟೋ ನಗರಗಳಲ್ಲಿ ಕಂಬ ವಿದ್ಯುತ್ ಕಂಪನಿಯದು, ದೊಡ್ಡ ರಸ್ತೆ ಮೇಲಿನ ಹಂತದ ಸರ್ಕಾರದ್ದು.

ಹಾಗೆಂದು ಸದಸ್ಯರ ಕೈ ಖಾಲಿಯೇನಲ್ಲ. ಸಭೆಯಲ್ಲಿ ಪ್ರಶ್ನೆ ಎತ್ತಬಹುದು, ಅಧಿಕಾರಿಗಳಿಂದ ಉತ್ತರ ಕೇಳಬಹುದು, ಬಜೆಟ್ ಮೇಲೆ ಮತ ಹಾಕಬಹುದು. ಕೆಲವೆಡೆ ವಾರ್ಡಿಗೆಂದೇ ಎತ್ತಿಟ್ಟ ಹಣವೂ ಇರುತ್ತದೆ. ಆದ್ದರಿಂದ ನಾನು ಭಾಷಣಕ್ಕಿಂತ ಮೊದಲು ನೋಡುವುದು ಸಭೆಯ ನಡಾವಳಿಯನ್ನು. ಇಡೀ ಅವಧಿಯ ನಡಾವಳಿಯಲ್ಲಿ ನಿಮ್ಮ ಬಡಾವಣೆಯ ಹೆಸರು ಒಮ್ಮೆಯೂ ಬಂದಿಲ್ಲವೆಂದರೆ ಆರೋಪಕ್ಕೆ ಬಲ ಬಂತು. ಪ್ರಶ್ನೆ ಎತ್ತಿಯೂ ಇಲಾಖೆ ಅಲುಗಾಡಿಲ್ಲವೆಂದರೆ ನಿಮ್ಮ ಸಿಟ್ಟು ಇಲಾಖೆಯ ಕಡೆ ತಿರುಗಬೇಕು. ಆಮೇಲೆ ಕಾಮಗಾರಿಗಳ ಪಟ್ಟಿ ತೆಗೆಯಿರಿ. ಒಂದೇ ರಸ್ತೆಗೆ ಮೇಲಿಂದ ಮೇಲೆ ಡಾಂಬರು ಬಿದ್ದು, ಪಕ್ಕದ ರಸ್ತೆಯ ಗುಂಡಿ ಹಾಗೇ ಉಳಿದಿದ್ದರೆ ಅದನ್ನು ಮರೆವು ಎನ್ನಬೇಡಿ; ಅದು ಆಯ್ಕೆ.

ಈ ಆರೋಪ ಒಬ್ಬ ಸದಸ್ಯನನ್ನು ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಶಿಕಾಗೋ ನಗರದ 49ನೇ ವಾರ್ಡಿನ ಕಥೆ ಹೇಳಲೇಬೇಕು. 1991ರಿಂದ ಅಲ್ಲಿನ ಸದಸ್ಯರಾಗಿದ್ದವರು ಜೋ ಮೂರ್. ಬಾತುಗಳಿಗೆ ಬಲವಂತವಾಗಿ ತಿನ್ನಿಸಿ ತಯಾರಿಸುವ ‘ಫುವಾ ಗ್ರಾ’ ಖಾದ್ಯದ ಮೇಲೆ 2006ರಲ್ಲಿ ನಗರಸಭೆ ನಿಷೇಧ ಹೇರಲು ಮುಂದಾಳಾಗಿದ್ದವರು ಅವರೇ. ಊರ ಆಚೆಗಿನ ಸಂಗತಿಗಳಿಗೆ ಕೊಡುವ ಗಮನ ವಾರ್ಡಿಗೆ ಇಲ್ಲ ಎಂಬ ಟೀಕೆ ಬಂತು. 2007ರಲ್ಲಿ ಎರಡನೇ ಸುತ್ತಿನ ಮತದಾನದವರೆಗೂ ಹೋಗಿ, ಕೂದಲೆಳೆಯ ಅಂತರದಲ್ಲಿ ಗೆದ್ದರು. 2009ರಲ್ಲಿ ಅವರು ವಾರ್ಡಿನ ಸುಮಾರು 13 ಲಕ್ಷ ಡಾಲರ್ ಕಾಮಗಾರಿ ಹಣ ಎಲ್ಲಿ ಖರ್ಚಾಗಬೇಕೆಂಬ ತೀರ್ಮಾನವನ್ನು ನಿವಾಸಿಗಳಿಗೇ ಬಿಟ್ಟರು. 16 ವರ್ಷ ತುಂಬಿದ ಯಾರೇ ನಿವಾಸಿ ಮತ ಹಾಕಬಹುದಿತ್ತು. ಜನ ಆರಿಸಿದ್ದರಲ್ಲಿ ಕಾಲುದಾರಿಯ ದುರಸ್ತಿಯೂ ಇತ್ತು. ನೆಲ ನೋಡಿ ನಡೆಯುವವರಿಗೇ ಗೊತ್ತು ಯಾವ ಚಪ್ಪಡಿ ಎದ್ದಿದೆ ಎಂದು! 2011ರಲ್ಲಿ ಮೂರ್ ಶೇ. 70ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಆದರೆ 2019ರಲ್ಲಿ ಸೋತರು. ಸೋಲಿಸಿದ ಮರಿಯಾ ಹ್ಯಾಡನ್ ಸಾರ್ವಜನಿಕ ಜೀವನಕ್ಕೆ ಬಂದದ್ದೇ ಆ ಬಜೆಟ್ ಕೆಲಸದ ಮೂಲಕ.

ಒಂದು ಎಚ್ಚರ ಬೇಕು. ಬಡಾವಣೆ ಬೇಡವೆಂದದ್ದಕ್ಕೆ ಸದಸ್ಯರು ಹೌದು ಎಂದರೆ ಅದು ನಿರ್ಲಕ್ಷ್ಯವಲ್ಲ. ನಿರಾಶ್ರಿತರ ವಸತಿಯನ್ನೋ ಬಸ್ ಮಾರ್ಗವನ್ನೋ ಬೀದಿಯವರು ವಿರೋಧಿಸಿರಬಹುದು, ಸದಸ್ಯರು ಇಡೀ ನಗರವನ್ನು ನೆನೆದು ಒಪ್ಪಿರಬಹುದು. ಎದುರು ಕೂತು, ಕಾರಣ ಹೇಳಿ ಒಪ್ಪಿದವರೊಂದಿಗೆ ನಿಮಗಿರುವುದು ಭಿನ್ನಾಭಿಪ್ರಾಯ. ಅದಕ್ಕೆ ಅವರ ವಿರುದ್ಧ ಮತ ಹಾಕಿ, ತಪ್ಪಿಲ್ಲ. ಹೆಸರು ಮಾತ್ರ ಸರಿಯಾಗಿ ಇಡಿ. ನಿರ್ಲಕ್ಷ್ಯ ಎನ್ನುವುದು ಪತ್ರಕ್ಕೆ ಉತ್ತರವೇ ಬಾರದಿದ್ದಾಗ, ಸಭೆ ಕರೆದರೂ ಕುರ್ಚಿ ಖಾಲಿ ಉಳಿದಾಗ. ಅದನ್ನು ನಾನು ಕ್ಷಮಿಸಲಾರೆ. ಉತ್ತರ ಕೊಡಲು ಅನುದಾನ ಬೇಕಿಲ್ಲ.

ಇನ್ನು ಮತ ಕೇಳಲು ಅವರು ನಿಮ್ಮ ಬಾಗಿಲಿಗೆ ಬಂದಾಗ, ‘ಏನು ಮಾಡಿದಿರಿ?’ ಎಂದು ಕೇಳಬೇಡಿ. ಅದಕ್ಕೆ ಸಿದ್ಧ ಉತ್ತರ ಇದ್ದೇ ಇರುತ್ತದೆ. ದೂರಿನ ಸಂಖ್ಯೆ ಕೈಯಲ್ಲಿಟ್ಟುಕೊಂಡು, ‘ತಿರುವಿನ ದೀಪದ ಕಡತ ಈಗ ಯಾರ ಮೇಜಿನ ಮೇಲಿದೆ?’ ಎಂದು ಕೇಳಿ.