ವರ್ಷ ತುಂಬದೆ ಗುಡಿಗೆ ಹೋಗಬಾರದೇ?

ಪ್ರಶ್ನೆ: ನಮ್ಮ ಮನೆಯವರು ತೀರಿಕೊಂಡು ನಾಲ್ಕು ತಿಂಗಳಾತು. ದುಗ್ಗಮ್ಮನ ಗುಡಿಗೆ ಹೋಗಿಬರ್ತೀನಿ ಅಂದ್ರೆ, ವರ್ಷ ತುಂಬೋತನಕ ಮೆಟ್ಲು ಹತ್ತಂಗಿಲ್ಲ ಅಂತಾರೆ ಅತ್ತೆ ಕಡೆಯವರು. ಒಂದೊಂದು ದಿನ ನನಗೇ ದೇವರ ಮುಖ ನೋಡಬೇಕು ಅನ್ಸಲ್ಲ. ಏನು ಮಾಡ್ಲಿ?
– ಓದುಗರು, ದಾವಣಗೆರೆ

ಹೋಗಿ ಬನ್ನಿ ತಾಯಿ. ಯಾರ ಅಪ್ಪಣೆಯೂ ಬೇಡ.

ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ! ಗುಡಿ ಬದಲಾಗುತ್ತದೆ, ಒಮ್ಮೆ ಹರಿಹರ, ಒಮ್ಮೆ ನಾಯಕನಹಟ್ಟಿ. ಆ ‘ವರ್ಷ’ ಮಾತ್ರ ಬದಲಾಗುವುದಿಲ್ಲ. ಅದು ಎಲ್ಲಿಂದ ಬಂತು ಅಂತ ಹೇಳಿದವರನ್ನೇ ಕೇಳಿ ನೋಡಿ, ‘ಮೊದಲಿಂದ ಹಂಗೇ ಐತೆ’ ಅನ್ನುತ್ತಾರೆ. ಹಂಗೇನೂ ಇಲ್ಲ. ಸೂತಕ ಅನ್ನುವುದು ದಿನಗಳ ಲೆಕ್ಕ. ಮನುಸ್ಮೃತಿ ಕೂಡ ವರ್ಣಕ್ಕೊಂದರಂತೆ 10, 12, 15, 30 ದಿನ ಹೇಳಿ ಸುಮ್ಮನಾಗಿದೆ. ಹೆಂಗಸರ ವಿಷಯದಲ್ಲಿ ಉದಾರಿ ಅಂತ ಯಾರೂ ಕರೆಯದ ಆ ಗ್ರಂಥಕ್ಕೂ ವರ್ಷದ ಸೂತಕ ತೋಚಲಿಲ್ಲ.

ಸಾವಾದ ಮನೆಯಲ್ಲಿ ಆ ವರ್ಷ ಹಬ್ಬ ಮಾಡುವುದಿಲ್ಲ, ಅದು ನಿಜ. ಹೋದವರ ನೆನಪಿಗೆ ಸಂಭ್ರಮ ಬಿಡುವ ರೂಢಿ ಅದು. ಹೋಳಿಗೆ ಬಿಡಿ ಅಂದದ್ದನ್ನು ಯಾರೋ ದೇವರನ್ನೇ ಬಿಡಿ ಅನ್ನುವವರೆಗೆ ಎಳೆದರು. ವಿಧವೆಯನ್ನು ಅರಿಶಿನ-ಕುಂಕುಮದ ಸಾಲಿನಿಂದ ಎಬ್ಬಿಸುವ ಹಳೇ ಚಾಳಿ ಅದಕ್ಕೆ ಜೊತೆಯಾಯಿತು. ಇಡೀ ಮನೆಗೇ ವರ್ಷ ಅನ್ನುವವರೂ ಇದ್ದಾರೆ, ಇರಲಿ. ಆದರೆ ಮೈದುನ ತಿಂಗಳೊಳಗೆ ಗುಡಿಗೆ ಹೋಗಿಬಂದರೆ ಯಾರೂ ತಡೆಯುವುದಿಲ್ಲ, ಕಾವಲು ಸೊಸೆಗೆ ಮಾತ್ರ.

ನನಗೆ ನಿಜವಾಗಿ ಸಿಟ್ಟು ಬರುವುದು ಲಿಂಗವಂತರ ಮನೆಗಳಿಂದ ಈ ಪ್ರಶ್ನೆ ಬಂದಾಗ. 12ನೇ ಶತಮಾನದಲ್ಲೇ ಶರಣರು ಪಂಚಸೂತಕ ಅಲ್ಲಗಳೆದರು: ಜನನ, ಮರಣ, ರಜಸ್ಸು, ಎಂಜಲು, ಜಾತಿ. ಎರಡನೆಯದನ್ನು ಇನ್ನೊಮ್ಮೆ ಓದಿ. ತೀರಿಕೊಂಡವರನ್ನು ಇಷ್ಟಲಿಂಗ ಸಮೇತ ಕೂರಿಸಿ ಸಮಾಧಿ ಮಾಡುತ್ತೇವೆ, ಲಿಂಗೈಕ್ಯರಾದರು ಅಂತ ಕಾರ್ಡು ಹೊಡೆಸುತ್ತೇವೆ, ಶಿವಗಣಾರಾಧನೆಗೆ ಊರನ್ನೇ ಕರೆದು ಉಣ್ಣಿಸುತ್ತೇವೆ. ಗಂಡ ಲಿಂಗದಲ್ಲಿ ಒಂದಾದ ಅನ್ನುವವರೇ, ಎದೆ ಮೇಲೆ ಲಿಂಗ ಧರಿಸಿದ ಹೆಂಡತಿಗೆ ಮೈಲಿಗೆ ಅಂದರೆ ಎರಡರಲ್ಲಿ ಒಂದು ಸುಳ್ಳಾಗಬೇಕಲ್ಲ?

ಇತರರಿಗೂ ಒಂದು ಉದಾಹರಣೆ ಇದೆ. 2013ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿಯೇ ನೇಮಿಸಿದರು. ನಾವಿನ್ನೂ ಮೆಟ್ಟಿಲ ಹತ್ತಿರವೇ ಜಗಳಾಡುತ್ತಿದ್ದೇವೆ. ದುಗ್ಗಮ್ಮನ ಜಾತ್ರೆ ಬರುವುದೇ ಎರಡು ವರ್ಷಕ್ಕೊಮ್ಮೆ. ಈ ಲೆಕ್ಕ ನಂಬಿ ಒಂದು ಜಾತ್ರೆ ತಪ್ಪಿಸಿಕೊಂಡವರು ಮತ್ತೆರಡು ವರ್ಷ ಕಾಯಬೇಕು.

ಇನ್ನು ದೇವರ ಮುಖ ನೋಡಬೇಕು ಅನಿಸುವುದಿಲ್ಲ ಅಂದಿರಿ. ಅದು ಪಾಪವಲ್ಲ. ಐಸಿಯು ಬಾಗಿಲಲ್ಲಿ ಕೂತು ಹರಕೆ ಹೊತ್ತವರಿಗೆ ಸಿಟ್ಟು ಬಾರದೆ ಇನ್ಯಾರಿಗೆ ಬರಬೇಕು? ಮನಸ್ಸಿಲ್ಲದ ದಿನ ದೀಪ ಹಚ್ಚಬೇಡಿ, ಅಳು ಬಂದರೆ ಅತ್ತುಬಿಡಿ. ‘ಅತ್ತರೆ ಅವರ ಆತ್ಮಕ್ಕೆ ಶಾಂತಿ ಇಲ್ಲ’ ಅನ್ನುವವರಿಗೆ ಒಂದು ಲೋಟ ಟೀ ಕೊಟ್ಟು ಕಳಿಸಿ. ವಾರಗಟ್ಟಲೆ ಊಟ ನಿದ್ದೆ ಸೇರದಿದ್ದರೆ, ಬದುಕೇ ಬೇಡ ಅನಿಸಿದರೆ ಮಾತ್ರ ತಡಮಾಡದೆ 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ಕಷ್ಟಕ್ಕೆಂದೇ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.

ಅಂದಹಾಗೆ, ಹೆಂಡತಿ ತೀರಿಕೊಂಡ ಗಂಡಸು ಗುಡಿಗೆ ಹೋಗಬಹುದೇ ಅಂತ ಈವರೆಗೆ ಒಬ್ಬರೂ ಕೇಳಿಲ್ಲ. ಶಾಸ್ತ್ರ ಹಿಡಿದು ಕೂತರೆ ಅಧಿಕಾರ ಕಳೆದುಕೊಳ್ಳುವವನು ಅವನೇ! ವೈದಿಕ ಅಗ್ನಿಹೋತ್ರಕ್ಕೆ, ಅಂದರೆ ಮನೆಯಲ್ಲಿ ಅಗ್ನಿ ಇಟ್ಟು ದಿನಾ ಮಾಡುವ ಹೋಮಕ್ಕೆ, ಪತ್ನಿ ಬೇಕು. ಅವಳು ಸತ್ತರೆ ಆ ಅಗ್ನಿಯಿಂದಲೇ ಅವಳ ದಹನ, ಮತ್ತೆ ಅಗ್ನಿ ಇಡಬೇಕಾದರೆ ಮತ್ತೆ ಮದುವೆ. ಇದನ್ನು ನೆನಪಿಸಿ ಯಾರೂ ಗಂಡಸನ್ನು ಬಾಗಿಲಲ್ಲಿ ನಿಲ್ಲಿಸಿಲ್ಲ, ನಿಲ್ಲಿಸುವುದೂ ಬೇಡ. ಅವರ ಕಷ್ಟವೇ ಬೇರೆ. ಎಷ್ಟೋ ಮನೆಗಳಲ್ಲಿ ಗಂಡನ ಭಕ್ತಿಯೂ ಹೆಂಡತಿಯ ಕೈಯಲ್ಲೇ ನಡೆಯುತ್ತಿರುತ್ತದೆ. ಮನೆದೇವರ ಹರಕೆ ಯಾವುದು ಬಾಕಿ, ಬತ್ತಿ ಯಾವ ಡಬ್ಬಿಯಲ್ಲಿದೆ, ಎಲ್ಲ ಆಕೆಗೇ ಗೊತ್ತು. ಆಕೆ ಹೋದ ಮೇಲೆ ದೇವರ ಕೋಣೆಯ ಬಾಗಿಲು ಮುಚ್ಚುತ್ತದೆ, ಯಜಮಾನ್ರು ನಾಸ್ತಿಕರಾದರು ಅಂತ ಓಣಿಯವರು ತೀರ್ಮಾನಿಸುತ್ತಾರೆ. ಅಂಥ ಮಾವನವರು ನಿಮ್ಮ ಮನೆಯಲ್ಲಿದ್ದರೆ, ಎರಡನೇ ಮದುವೆ ಮಾತೆತ್ತುವ ಮೊದಲು ಆ ಡಬ್ಬಿ ಎಲ್ಲಿದೆ ಅಂತ ತೋರಿಸಿ.