ಇಡ್ಲಿ ಹಿಟ್ಟು, ಬೂಷ್ಟು, ಕಲ್ಲುಹೂವು: ಐದು ಸಾಮ್ರಾಜ್ಯಗಳ ಟಿಪ್ಪಣಿ

ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಉಬ್ಬಿರುತ್ತದೆ. ಬೇಕರಿಯಲ್ಲಿ ಬ್ರೆಡ್ ಹಿಟ್ಟೂ ಉಬ್ಬುತ್ತದೆ. ಎರಡರಲ್ಲೂ ಕಣ್ಣಿಗೆ ಕಾಣದ ಜೀವಿಗಳು ಗಾಳಿ ಬಿಡುತ್ತವೆ, ಹಿಟ್ಟು ಮೇಲೇಳುತ್ತದೆ. ಆದರೆ ಇಡ್ಲಿ ಹಿಟ್ಟಿನಲ್ಲಿ ಈ ಕೆಲಸ ಮಾಡುವುದು ಮುಖ್ಯವಾಗಿ ಬ್ಯಾಕ್ಟೀರಿಯಾ, ಬ್ರೆಡ್ಡಿನಲ್ಲಿ ಈಸ್ಟ್. ಈಸ್ಟಿಗೆ ಆ ಬ್ಯಾಕ್ಟೀರಿಯಾಕ್ಕಿಂತ ನಾವೇ ಹತ್ತಿರದ ನೆಂಟರು! ಇದು ಯಾಕೆ ಅಂತ ಗೊತ್ತಾದರೆ ಫಸ್ಟ್ ಪಿಯುಸಿಯ ಜೀವಿಗಳ ವರ್ಗೀಕರಣದ ಪಾಠ ಅರ್ಧ ಮುಗಿದಂತೆ.

ಮೊದಲು ಸ್ವಲ್ಪ ಹಿನ್ನೆಲೆ. 1735ರಲ್ಲಿ ಸ್ವೀಡನ್ನಿನ ಲಿನೇಯಸ್ ಜೀವಿಗಳನ್ನು ಎರಡೇ ಸಾಮ್ರಾಜ್ಯಗಳಾಗಿ, ಅಂದರೆ ಎರಡೇ ದೊಡ್ಡ ಗುಂಪುಗಳಾಗಿ, ವಿಂಗಡಿಸಿದ: ಸಸ್ಯ, ಪ್ರಾಣಿ. ನಿಂತಲ್ಲೇ ಬೆಳೆಯುವುದೆಲ್ಲ ಗಿಡದ ಕಡೆ ಹೋಯಿತು. ಅಣಬೆಯೂ ಅಲ್ಲಿಗೇ. ಮುಂದೆ ಬ್ಯಾಕ್ಟೀರಿಯಾವನ್ನೂ ಅಲ್ಲಿಗೇ ತಳ್ಳಿದರು. ಸೂಕ್ಷ್ಮದರ್ಶಕ ಚೆನ್ನಾಗಿ ಆದಂತೆ ತಕರಾರು ಶುರುವಾಯಿತು. ಯೂಗ್ಲೀನಾ ಎಂಬ ಏಕಕೋಶ ಜೀವಿ ಬಿಸಿಲಿದ್ದರೆ ಗಿಡದ ಹಾಗೆ ಆಹಾರ ತಯಾರಿಸುತ್ತದೆ, ಕತ್ತಲಲ್ಲಿ ಇಟ್ಟರೆ ಹೊರಗಿನ ಆಹಾರ ತಿಂದು ಬದುಕುತ್ತದೆ, ಜೊತೆಗೆ ಈಜುತ್ತದೆ. ಇದನ್ನು ಎಲ್ಲಿಡುವುದು? 1866ರಲ್ಲಿ ಹೆಕೆಲ್ ಇಂಥವಕ್ಕೆ ಪ್ರೊಟಿಸ್ಟಾ ಎಂಬ ಮೂರನೇ ಮನೆ ಕಟ್ಟಿದ. 1969ರಲ್ಲಿ ಅಮೆರಿಕದ ವಿಟೇಕರ್ ಕೊಟ್ಟ ಐದು ಸಾಮ್ರಾಜ್ಯಗಳೇ ಇವತ್ತಿಗೂ ನಮ್ಮ ಪಠ್ಯದಲ್ಲಿವೆ: ಮೊನೆರಾ (ಬ್ಯಾಕ್ಟೀರಿಯಾದಂಥವು), ಪ್ರೊಟಿಸ್ಟಾ, ಶಿಲೀಂಧ್ರ (ಅಣಬೆ, ಬೂಷ್ಟಿನಂಥವು), ಸಸ್ಯ, ಪ್ರಾಣಿ.

ಈಗ ನನ್ನ ಪೆದ್ದುತನದ ಕಥೆ. ಟೆಸ್ಟಿನಲ್ಲಿ "ಈಸ್ಟ್ ಯಾವ ಸಾಮ್ರಾಜ್ಯಕ್ಕೆ ಸೇರಿದೆ?" ಅಂತ ಬಂದಿತ್ತು. ಈಸ್ಟಿಗೆ ಇರುವುದು ಒಂದೇ ಕೋಶ, ಏಕಕೋಶ ಅಂದರೆ ಪ್ರೊಟಿಸ್ಟಾ ಅಲ್ವಾ ಅಂತ ಬರೆದುಬಿಟ್ಟೆ. ಮಾರ್ಕ್ಸ್ ಹೋಯಿತು. ಪಟ್ಟಿ ಬಾಯಿಪಾಠ ಮಾಡಿದ್ದರ ಫಲ ಅದು. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಯಾವ ಜೀವಿ ಎದುರಾದರೂ ನಾಲ್ಕು ಪ್ರಶ್ನೆ ಕೇಳುವುದು. ಕೋಶದಲ್ಲಿ ಪೊರೆಯಿರುವ ಕೋಶಕೇಂದ್ರ ಇದೆಯಾ? ಕೋಶ ಒಂದಾ, ಹಲವಾ? ಕೋಶಭಿತ್ತಿ ಇದೆಯಾ, ಇದ್ದರೆ ಯಾವುದರಿಂದ ಆಗಿದೆ? ಊಟ ಹೇಗೆ?

ಮೊದಲ ಪ್ರಶ್ನೆಗೇ ಇಡ್ಲಿ ಹಿಟ್ಟಿನ ಬ್ಯಾಕ್ಟೀರಿಯಾ ಬೇರೆಯಾಗಿಬಿಡುತ್ತದೆ. ಅದಕ್ಕೆ ಕೋಶಕೇಂದ್ರವೇ ಇಲ್ಲ, ಡಿಎನ್‌ಎ ಸುಮ್ನೆ ಕೋಶರಸದಲ್ಲೇ ಇರುತ್ತದೆ. ಹಾಗಾಗಿ ಮೊನೆರಾ. ನೀಲಿ-ಹಸಿರು ಪಾಚಿಯೂ ಇಲ್ಲಿಗೇ ಬರುತ್ತದೆ, ಹೆಸರಲ್ಲಿ ಪಾಚಿ ಇದೆ ಅಂತ ಮೋಸ ಹೋಗಬೇಡಿ. ಈಸ್ಟಿಗೆ ಕೋಶಕೇಂದ್ರ ಇದೆ. ಎರಡನೇ ಪ್ರಶ್ನೆಯಲ್ಲಿ ನಾನು ಎಡವಿದ್ದು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಹೋಗಿದ್ದರೆ ಉತ್ತರ ಸಿಗುತ್ತಿತ್ತು: ಈಸ್ಟಿನ ಕೋಶಭಿತ್ತಿಯಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತು ಇದೆ, ಈಸ್ಟ್ ಸಿದ್ಧ ಆಹಾರವನ್ನು ಹೀರಿ ಬದುಕುತ್ತದೆ. ಅಂದರೆ ಶಿಲೀಂಧ್ರ.

ಶಿಲೀಂಧ್ರದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಮೂರು ದಿನ ಮರೆತ ಬ್ರೆಡ್ಡನ್ನು ಎಸೆಯುವ ಮೊದಲು ಭೂತಗನ್ನಡಿ ಹಿಡಿದು ನೋಡಿ, ಮೂಗಿನ ಹತ್ತಿರ ಮಾತ್ರ ತರಬೇಡಿ. ಹತ್ತಿಯ ಎಳೆಯಂಥ ಬಿಳಿ ದಾರಗಳು, ಕೆಲವು ದಾರಗಳ ತುದಿಯಲ್ಲಿ ಗುಂಡುಸೂಜಿ ತಲೆಯ ಹಾಗೆ ಕಪ್ಪು ಚುಕ್ಕೆ. ದಾರಗಳು ಬೂಷ್ಟಿನ ಮೈ, ಚುಕ್ಕೆಗಳು ಬೀಜದ ಹಾಗೆ ಹರಡುವ ಬೀಜಕಗಳ ಚೀಲ. ಆ ದಾರಗಳು ಕಿಣ್ವವನ್ನು ಬ್ರೆಡ್ಡಿನೊಳಕ್ಕೆ ಸುರಿಸುತ್ತವೆ, ಬ್ರೆಡ್ಡು ಅಲ್ಲೇ ಕರಗುತ್ತದೆ, ಕರಗಿದ್ದನ್ನು ಹೀರುತ್ತವೆ. ನಾವು ನುಂಗಿ ಜೀರ್ಣಿಸುತ್ತೇವೆ, ಬೂಷ್ಟು ಜೀರ್ಣಿಸಿ ನುಂಗುತ್ತದೆ. ಅಣಬೆಯದ್ದೂ ಇದೇ ಲೆಕ್ಕ. ಮಳೆ ಬಿದ್ದಾಗ ಹುತ್ತದ ಮೇಲೆ ಏಳುವ ಕೊಡೆ ಬರೀ ಬೀಜಕ ಹರಡುವ ಭಾಗ, ಅಸಲಿ ಮೈ ಒಳಗೆ ದಾರದಾರವಾಗಿ ಹರಡಿರುತ್ತದೆ.

ಇನ್ನೊಂದು ವಿಷಯ. ಗಿಡದ ಕೋಶಭಿತ್ತಿ ಸೆಲ್ಯುಲೋಸಿನದ್ದು. ಶಿಲೀಂಧ್ರದ ಕೈಟಿನ್ ಸಿಗಡಿಯ ಚಿಪ್ಪಿನಲ್ಲೂ ಇದೆ, ಜಿರಳೆಯ ಕವಚದಲ್ಲೂ ಇದೆ. ಗಿಡ ಆಹಾರವನ್ನು ಪಿಷ್ಟವಾಗಿ ಕೂಡಿಡುತ್ತದೆ. ಅಣಬೆ ಕೂಡಿಡುವುದು ಗ್ಲೈಕೋಜನ್, ನಮ್ಮ ಲಿವರ್‌ನಲ್ಲಿ ಇರುವುದೂ ಅದೇ. ವಂಶವಾಹಿಗಳನ್ನು ಹೋಲಿಸಿದಾಗಲೂ ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೆ ಹತ್ತಿರ ಅಂತಲೇ ಬಂತು. ಆದರೂ ತರಕಾರಿ ಅಂಗಡಿಯಲ್ಲಿ ಅಣಬೆ ಕೋಸಿನ ಪಕ್ಕ ಕೂತಿರುತ್ತದೆ, ಪಾಠವೂ ಸಸ್ಯಶಾಸ್ತ್ರದವರ ಪಾಲಿಗೇ!

ಸಸ್ಯ, ಪ್ರಾಣಿ ಎರಡೂ ನಿಮಗೆ ಗೊತ್ತಿರುವಂಥವೇ, ಅಲ್ಲಿ ಹೆಚ್ಚು ನಿಲ್ಲುವುದಿಲ್ಲ. ಪ್ರೊಟಿಸ್ಟಾ ಮಾತ್ರ, ನನ್ನ ಪ್ರಕಾರ, ಮನೆಯ ಅಟ್ಟ ಇದ್ದ ಹಾಗೆ. ಬೇರೆಲ್ಲೂ ಜಾಗ ಸಿಗದ, ಕೋಶಕೇಂದ್ರವಿರುವ ಏಕಕೋಶ ಜೀವಿಗಳನ್ನೆಲ್ಲ ಅಲ್ಲಿ ಹಾಕಿದ್ದಾರೆ. ಅಮೀಬಾ, ಯೂಗ್ಲೀನಾ, ಮಲೇರಿಯಾ ತರುವ ಪ್ಲಾಸ್ಮೋಡಿಯಂ ಎಲ್ಲ ಒಟ್ಟಿಗೆ. ಇವು ಒಂದೇ ಬಳ್ಳಿಯ ಕುಡಿಗಳಲ್ಲ.

ಮೊನೆರಾದಲ್ಲೂ ಬಿರುಕಿದೆ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ ನೋಡಿದರು. ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳು ಉಳಿದ ಬ್ಯಾಕ್ಟೀರಿಯಾಗಳ ಜೊತೆ ಹೊಂದಲೇ ಇಲ್ಲ. ಗೋಬರ್ ಗ್ಯಾಸ್ ಗುಂಡಿಯಲ್ಲಿ, ಹಸುವಿನ ಹೊಟ್ಟೆಯಲ್ಲಿ ಇರುವವು ಇವೇ. ಇವುಗಳ ಗುಂಪಿಗೆ ಈಗ ಆರ್ಕಿಯಾ ಅಂತ ಹೆಸರು. 1990ರಲ್ಲಿ ವೋಸ್ ಮತ್ತು ಜೊತೆಗಾರರು ಸಾಮ್ರಾಜ್ಯಕ್ಕೂ ಮೇಲಿನ ಹಂತವಾಗಿ ಮೂರು ಡೊಮೇನ್ ಸೂಚಿಸಿದರು: ಬ್ಯಾಕ್ಟೀರಿಯಾ, ಆರ್ಕಿಯಾ, ಯೂಕ್ಯಾರಿಯಾ. ಈಸ್ಟು, ಮಾವಿನ ಮರ, ನಾವು ಮೂವರೂ ಯೂಕ್ಯಾರಿಯಾದಲ್ಲೇ. ಪರೀಕ್ಷೆಯಲ್ಲಿ "ವಿಟೇಕರ್ ಪ್ರಕಾರ" ಅಂತ ಕೇಳಿದರೆ ಐದೇ ಬರೆಯಿರಿ, ಜಾಣತನ ತೋರಿಸಲು ಹೋಗಬೇಡಿ. ವೈರಸ್ ಇವುಗಳಲ್ಲಿ ಎಲ್ಲೂ ಇಲ್ಲ, ಅದಕ್ಕೆ ಕೋಶವೇ ಇಲ್ಲವಲ್ಲ.

ಕೊನೆಗೆ ಮಸಾಲೆ ಡಬ್ಬಿಯ ಕಲ್ಲುಹೂವು. ಇದನ್ನು ನಾಲ್ಕು ಪ್ರಶ್ನೆಗೆ ಒಡ್ಡಿದಾಗ ನನಗೆ ಎರಡೆರಡು ಉತ್ತರ ಬಂತು. ತಪ್ಪೇನೂ ಆಗಿರಲಿಲ್ಲ. ಇದು ಹೂವಲ್ಲ, ಇಂಥವನ್ನು ಲೈಕೆನ್ ಎನ್ನುತ್ತಾರೆ. ಒಂದು ಶಿಲೀಂಧ್ರ, ಅದರ ಎಳೆಗಳ ನಡುವೆ ಹಸಿರು ಪಾಚಿಯ ಕೋಶಗಳು. ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತದೆ, ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ. ವೈಜ್ಞಾನಿಕ ಹೆಸರು ಮಾತ್ರ ಸಲ್ಲುವುದು ಶಿಲೀಂಧ್ರಕ್ಕೆ. ಒಳಗಿರುವ ಪಾಚಿಗೆ ಅದರದ್ದೇ ಬೇರೆ ಹೆಸರಿದೆ.