ಸಕ್ಕರೆ ಬದಲಾಯಿಸಿದರೆ ಬಯಲಾಗುವ ಕಾಯಿಲೆ

ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳೇ ಮೈಟೊಕಾಂಡ್ರಿಯಾ. ಅವುಗಳ ಕಾಯಿಲೆ ಇರುವವರ ಚರ್ಮದಿಂದ ಮೂರ್ನಾಲ್ಕು ಮಿಲಿಮೀಟರಿನ ಚೂರು ತೆಗೆದು, ಅದರ ಜೀವಕೋಶಗಳನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದರೆ ಅವು ಆರಾಮಾಗಿ ಬೆಳೆಯುತ್ತವೆ. ಎಷ್ಟೋ ಸಲ ಕಾಯಿಲೆಯ ಸುಳಿವೇ ಕಾಣುವುದಿಲ್ಲ. ಹಾಗಿದ್ದಮೇಲೆ ಈ ಕಾಯಿಲೆಗೆ ಒಂದು ಔಷಧ ನಾಟುತ್ತದಾ ಎಂದು ತಟ್ಟೆಗೆ ಹಾಕಿ ಪರೀಕ್ಷಿಸುವವರು ಏನನ್ನು ನೋಡುವುದು?

ನಾವು ಎಳೆದುಕೊಳ್ಳುವ ಆಮ್ಲಜನಕದ ಬಹುಪಾಲು ಖರ್ಚಾಗುವುದು ಮೈಟೊಕಾಂಡ್ರಿಯಾದ ಒಳಪೊರೆಯಲ್ಲಿ. ಅಲ್ಲಿ ನಾಲ್ಕು ಪ್ರೋಟೀನ್ ಕೂಟಗಳು ಎಲೆಕ್ಟ್ರಾನುಗಳನ್ನು ಒಂದರಿಂದ ಒಂದಕ್ಕೆ ದಾಟಿಸಿ, ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸುತ್ತವೆ. ಇದೇ ಉಸಿರಾಟ ಸರಪಳಿ. ಈ ಓಟದಲ್ಲಿ ಪೊರೆಯಾಚೆಗೆ ತಳ್ಳಲ್ಪಟ್ಟ ಪ್ರೋಟಾನುಗಳು ವಾಪಸ್ ನುಗ್ಗುವಾಗ ಐದನೆಯ ಕೂಟ ಕೋಶದ ಇಂಧನವಾದ ಎಟಿಪಿಯನ್ನು ತಯಾರಿಸುತ್ತದೆ. ಸರಪಳಿ ಕೆಟ್ಟರೆ ಜಾಸ್ತಿ ಏಟು ಬೀಳುವುದು ಮಿದುಳು, ಸ್ನಾಯು, ಹೃದಯ, ಕಣ್ಣಿಗೆ.

ತಟ್ಟೆಯ ಕೋಶಕ್ಕೆ ಈ ಕಷ್ಟ ಯಾಕಿಲ್ಲ ಅಂದರೆ, ಅದಕ್ಕೆ ಹಾಕುವ ಊಟ ಹಾಗಿರುತ್ತದೆ. ಸಾಮಾನ್ಯವಾಗಿ ಬಳಸುವ ಒಂದು ದ್ರಾವಣದಲ್ಲಿ ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇದೆ. ನಮ್ಮ ರಕ್ತದಲ್ಲಿರುವುದಕ್ಕಿಂತ ಸುಮಾರು ಐದು ಪಟ್ಟು! ಅಷ್ಟು ಸಕ್ಕರೆ ಸಿಕ್ಕರೆ ಕೋಶ ಅದನ್ನು ಅರ್ಧಂಬರ್ಧ ಒಡೆದೇ ಬದುಕಿಬಿಡುತ್ತದೆ, ಮೈಟೊಕಾಂಡ್ರಿಯಾದ ಗೊಡವೆಗೇ ಹೋಗುವುದಿಲ್ಲ. 1992ರಲ್ಲಿ ಬ್ರಯನ್ ರಾಬಿನ್ಸನ್ ತಂಡ ಗ್ಲೂಕೋಸ್ ತೆಗೆದು ಗ್ಯಾಲಕ್ಟೋಸ್ ಹಾಕಿ ನೋಡಿತು. ಗ್ಯಾಲಕ್ಟೋಸ್ ಒಡೆಯುವುದು ತೀರಾ ನಿಧಾನ, ಅದನ್ನಷ್ಟೇ ನಂಬಿ ಕೂತರೆ ಹೊಟ್ಟೆ ತುಂಬದು. ಕೋಶ ಮೈಟೊಕಾಂಡ್ರಿಯಾವನ್ನು ದುಡಿಸಲೇಬೇಕು. ಸರಪಳಿ ತೀರಾ ಹಾಳಾಗಿದ್ದ ಕೋಶಗಳು ಬದುಕಲಿಲ್ಲ. ಔಷಧ ಹಾಕಿದ ತಟ್ಟೆಯಲ್ಲಿ ಅಂಥ ಕೋಶ ಉಳಿದರೆ ಅದು ಗಮನಿಸಬೇಕಾದ ಸಂಗತಿ. ಎಷ್ಟೇ ದುಬಾರಿ ಯಂತ್ರ ಬಂದರೂ ನನಗೆ ಈ ಉಪಾಯವೇ ಹೆಚ್ಚು ಇಷ್ಟ.

ಯಂತ್ರವೂ ಬೇಕು ಅನ್ನಿ. ಕೋಶ ಎಷ್ಟು ಆಮ್ಲಜನಕ ಹೀರುತ್ತಿದೆ ಎಂದು ಅದು ಅಳೆಯುತ್ತಾ ಹೋಗುತ್ತದೆ, ಮಧ್ಯೆ ಮಧ್ಯೆ ಒಂದೊಂದು ವಿಷ ಬೀಳುತ್ತದೆ. ಆಲಿಗೋಮೈಸಿನ್ ಐದನೆಯ ಕೂಟವನ್ನು ಕಟ್ಟಿಹಾಕುತ್ತದೆ, ಆಮ್ಲಜನಕದ ಅಳತೆ ತೋರಿಸುವ ಗೆರೆ ಇಳಿಯುತ್ತದೆ. ಎಫ್‌ಸಿಸಿಪಿ ಪ್ರೋಟಾನುಗಳಿಗೆ ಕಳ್ಳದಾರಿ ತೆರೆಯುತ್ತದೆ, ಸರಪಳಿ ದಮ್ಮು ಕಟ್ಟಿ ಓಡುತ್ತದೆ, ಗೆರೆ ಜಿಗಿಯುತ್ತದೆ. ಕೊನೆಗೆ ರೋಟೆನೋನ್, ಆಂಟಿಮೈಸಿನ್ ಬಿದ್ದರೆ ಓಟ ಬಂದ್. ರೋಗಿಯ ಕೋಶದಲ್ಲಿ ಆ ಜಿಗಿತ ಸಾಮಾನ್ಯವಾಗಿ ಗಿಡ್ಡ. ಔಷಧದಿಂದ ಅದು ಎತ್ತರವಾಯಿತಾ ಅನ್ನುವುದೇ ಪ್ರಶ್ನೆ.

ಮೋಸ ಹೋಗುವುದೂ ಸುಲಭ. ಕೋಶ ಬದುಕಿದೆಯಾ ಎಂದು ನೋಡಲು ಎಂಟಿಟಿ ಎಂಬ ಹಳದಿ ಬಣ್ಣ ಹಾಕುತ್ತಾರೆ, ಜೀವ ಇದ್ದರೆ ನೇರಳೆಯಾಗುತ್ತದೆ. ಆದರೆ ವಿಟಮಿನ್ ಸಿ ಥರದ ಆ್ಯಂಟಿಆಕ್ಸಿಡೆಂಟುಗಳು ಕೋಶವೇ ಇಲ್ಲದ ತಟ್ಟೆಯಲ್ಲೂ ಅದನ್ನು ನೇರಳೆ ಮಾಡಬಲ್ಲವು! ಈ ಕಾಯಿಲೆಗೆ ಪರೀಕ್ಷಿಸುವ ಪದಾರ್ಥಗಳಲ್ಲಿ ಆ್ಯಂಟಿಆಕ್ಸಿಡೆಂಟುಗಳೇ ಬೇಕಾದಷ್ಟಿವೆ ಅಲ್ವಾ? ಅದಕ್ಕೇ ಖಾಲಿ ತಟ್ಟೆಗೂ ಔಷಧ ಹಾಕಿ ನೋಡಬೇಕು.

ತಟ್ಟೆ ದಾಟಿದರೆ ಇಲಿ. ಎನ್‌ಡಿಯುಎಫ್‌ಎಸ್4 ಜೀನ್ ಇಲ್ಲದ ಇಲಿಗಳಲ್ಲಿ ಒಂದನೆಯ ಕೂಟ ಸರಿಯಾಗಿ ಕಟ್ಟಿಕೊಳ್ಳದು, ಎರಡು ತಿಂಗಳ ಆಸುಪಾಸಿನಲ್ಲೇ ಅವು ಸಾಯುತ್ತವೆ. 2016ರಲ್ಲಿ ವಂಶಿ ಮೂತಾ ತಂಡ ಇಂಥ ಇಲಿಗಳನ್ನು ಮಾಮೂಲಿಗಿಂತ ಕಡಿಮೆ, ಶೇ. 11 ಆಮ್ಲಜನಕದ ಗಾಳಿಯಲ್ಲಿ ಸಾಕಿತು. ಅವು ಬಹಳ ಹೆಚ್ಚು ಕಾಲ ಬದುಕಿದವು.

ಮನುಷ್ಯರ ಮಾತೇ ಬೇರೆ. ಡೈಕ್ಲೋರೊಅಸಿಟೇಟ್ ಎಂಬ ಔಷಧ, ಸಕ್ಕರೆ ಅರ್ಧಂಬರ್ಧ ಒಡೆದಾಗ ದೇಹದಲ್ಲಿ ಸೇರುವ ಲ್ಯಾಕ್ಟೇಟನ್ನು ಇಳಿಸುತ್ತದೆ, ಅದು ಹೇಗೆ ಅನ್ನುವುದೂ ಗೊತ್ತಿತ್ತು. ಆದರೂ ಮೆಲಾಸ್ ಎಂಬ ಮೈಟೊಕಾಂಡ್ರಿಯಾ ಕಾಯಿಲೆಯ ರೋಗಿಗಳ ಮೇಲಿನ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು, ಕೈಕಾಲಿನ ನರಗಳಿಗೇ ಪೆಟ್ಟು ಬೀಳುತ್ತಿತ್ತು. ಚರ್ಮದ ಕೋಶ ನರದ ಸಂಕಟ ಹೇಳಲಾರದು. ಈಗ ಅದೇ ಚರ್ಮದ ಕೋಶವನ್ನು ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕಾಂಡಕೋಶವಾಗಿಸಿ, ಅದರಿಂದ ನರಕೋಶ ಬೆಳೆಸಿ, ಔಷಧವನ್ನು ಅದರ ಮೇಲೂ ಹಾಕಿ ನೋಡುತ್ತಾರೆ.